ಪತ್ತಿನ ಅಂಕವೂ ನಮ್ಮ ನಿದ್ದೆಯೂ

(ವಳಸಂಗದಲ್ಲಿ ಸೇರಿದ್ದ ದುಡಿಯುವ ಕುಟುಂಬಗಳ ಕೂಟದಲ್ಲಿ ಆಡಿದ ಮಾತು. ತೋಟದ ಲೈನುಗಳಲ್ಲಿರುವ ಓದುಗರಿಗೂ ಉಪಯೋಗವಾಗಲೆಂದು ಇಲ್ಲಿ ಅಚ್ಚು ಮಾಡಲಾಗಿದೆ.)



ಈ ಸಂಜೆ ಪಗಾರದ ಮಾತನ್ನಾಗಲಿ ಬೋನಸ್ಸಿನ ಮಾತನ್ನಾಗಲಿ ಆಡಲು ನಾನು ನಿಂತಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳೊಳಗೆ ಒಂದು ಹೊಸ ಶಬ್ದ ಬಂದು ಕೂತಿದೆ. ಅದು ಸಿಬಿಲ್. "ನಮ್ಮ ಸಿಬಿಲ್ ಖರಾಬ್ ಆಗೇದ್ರಿ" ಎಂದು ಜನ ಹೇಳುವ ಧಾಟಿಯನ್ನು ನೀವೂ ಕೇಳಿದ್ದೀರಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದರೆ ಹಿಂದಿನವರು ಹೇಗೆ ದನಿ ತಗ್ಗಿಸಿ ಹೇಳುತ್ತಿದ್ದರೋ ಹಾಗೆಯೇ ಇದನ್ನೂ ಹೇಳುತ್ತಾರೆ.

ಉಪದೇಶಿಯಾಗಿ ಪ್ರಾರ್ಥನೆಗೂ, ಸಂಘದ ಕೆಲಸಕ್ಕೆ ಅರ್ಜಿ ಬರೆಯಲಿಕ್ಕೂ ಮನೆ ಮನೆಗೆ ಹೋಗುವವನು ನಾನು. ಯಾವ ಕೆಲಸಕ್ಕೆ ಹೋದರೂ ಇದೇ ಸಂಕಟ ಕಿವಿಗೆ ಬೀಳುತ್ತದೆ. ಬೀಡಿ ಕಟ್ಟುವ ತಾಯಿ, ಸೊಲ್ಲಾಪುರದ ಕಾರಖಾನೆಗೆ ಹೋಗುವ ಅಣ್ಣ, ಕಬ್ಬು ಕಡಿಯಲು ಹೋಗುವ ಗಂಡ ಹೆಂಡಿರು, ಕಾಫಿ ಕೊಯ್ಲಿಗೆಂದು ಘಟ್ಟದ ಕಡೆ ಹೋಗಿ ಬಂದವರು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನಮ್ಮ ಅಂಕ ಎಷ್ಟಿರಬೇಕು? ಇನ್ನು ನಮಗೆ ಯಾರೂ ಸಾಲ ಕೊಡುವುದಿಲ್ಲವೇ? ಮಕ್ಕಳ ಗತಿ ಏನು?" ರಾತ್ರಿ ನಿದ್ದೆ ಇಲ್ಲ. ಬೆಳಗಾದರೆ ಮಗನ ಮೊಬೈಲಿನಲ್ಲಿ ಅಂಕ ಏರಿತೋ ಇಳಿಯಿತೋ ನೋಡುವುದು.

ನಾನು ಹೇಳಬೇಕಾಗಿರುವುದು ಒಂದೇ ಸಂಗತಿ. ಸಾಲದ ಲೆಕ್ಕವನ್ನು ಕೈಬಿಡಬೇಡಿರಿ, ಅಂಕದ ಚಿಂತೆಯನ್ನು ಕೈಬಿಡಿರಿ. ಇವೆರಡೂ ಒಂದೇ ಎಂದು ನಾವು ತಿಳಿದಿದ್ದೇವೆ. ಅವು ಒಂದೇ ಅಲ್ಲ. ಏಕೆ ಅಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಈ ಅಂಕ ಎಂದರೇನು?

ಪತ್ತು ಎಂಬ ಮಾತು ನಮಗೆ ಹೊಸದಲ್ಲ. ಅಂಗಡಿಯವನು ಉದ್ರಿ ಕೊಟ್ಟರೆ ಅವನ ಹತ್ತಿರ ನಮಗೆ ಪತ್ತು ಇದೆ ಎಂದು ಅರ್ಥ. ಕನ್ನಡದಲ್ಲಿ ಪತ್ತಿನ ಸಹಕಾರ ಸಂಘ, ಮರಾಠಿಯಲ್ಲಿ ಪತಸಂಸ್ಥಾ ಎಂಬ ಫಲಕಗಳನ್ನು ಈ ಗಡಿಭಾಗದಲ್ಲಿ ಎಷ್ಟೋ ಕಡೆ ನೋಡಿದ್ದೇವೆ. ಮೊದಲು ಈ ಪತ್ತು ಇದ್ದದ್ದು ಮನುಷ್ಯರ ಮನಸ್ಸಿನಲ್ಲಿ. ಈಗ ಅದನ್ನು ಯಂತ್ರ ಎಣಿಸಿ ಅಂಕೆಯಾಗಿ ಬರೆಯುತ್ತದೆ.

ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು. ಅದು ಹುಟ್ಟಿದ್ದು 2000ದಲ್ಲಿ. ಇಂಥ ಕಂಪನಿಗಳು ಹೇಗೆ ನಡೆಯಬೇಕು ಎಂದು ಪಾರ್ಲಿಮೆಂಟು 2005ರಲ್ಲಿ ಕಾಯಿದೆ ಮಾಡಿತು. ಇಂದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಗುಂಪುಸಾಲ ಕೊಡುವ ಸಂಸ್ಥೆಗಳೂ ನಮ್ಮ ಸಾಲದ ಲೆಕ್ಕವನ್ನು ಈ ನಾಲ್ಕು ಕಡೆಗೂ ಕಳಿಸುತ್ತವೆ. ಆ ಕಂಪನಿಗಳು ತಮ್ಮ ತಮ್ಮ ರೀತಿಯಲ್ಲಿ ಎಣಿಸಿ 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತವೆ.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಒಬ್ಬನೇ ಮನುಷ್ಯನಿಗೆ, ಒಂದೇ ದಿನ, ಈ ನಾಲ್ಕು ಕಂಪನಿಗಳಲ್ಲಿ ನಾಲ್ಕು ಬೇರೆ ಬೇರೆ ಅಂಕ ಇರಬಹುದು. ತೋಟದಲ್ಲಿ ನಾಲ್ಕು ತಕ್ಕಡಿಗಳಿದ್ದು ಒಂದೇ ಚೀಲ ನಾಲ್ಕು ತೂಕ ತೋರಿಸಿದರೆ ಚೀಲದ ಬಗ್ಗೆ ನಾವು ಏನು ಹೇಳುತ್ತೇವೆ? ತಕ್ಕಡಿಯ ಬಗ್ಗೆ ಏನು ಹೇಳುತ್ತೇವೆ?

ಆ ವರದಿಯೊಳಗೆ ಏನಿರುತ್ತದೆ? ನಮ್ಮ ಹೆಸರು, ಹುಟ್ಟಿದ ತಾರೀಖು, ಪ್ಯಾನ್ ನಂಬರು, ವಿಳಾಸ, ತೆಗೆದುಕೊಂಡ ಸಾಲಗಳು, ಉಳಿದ ಬಾಕಿ, ಯಾವ ತಿಂಗಳ ಹಪ್ತೆ ಎಷ್ಟು ದಿನ ತಡವಾಯಿತು, ನಮ್ಮ ಬಗ್ಗೆ ಯಾವ ಸಂಸ್ಥೆ ವಿಚಾರಿಸಿತು, ಇಷ್ಟು. ಏನಿರುವುದಿಲ್ಲ? ನಮ್ಮ ಪಗಾರವನ್ನೂ ಉಳಿತಾಯವನ್ನೂ ಸೇರಿಸಿ ಆ ಅಂಕ ಎಣಿಸುವುದಿಲ್ಲ. ಜಾತಿ ಧರ್ಮಗಳನ್ನು ನೋಡುವುದಿಲ್ಲ. ಅಂಗಡಿಯ ಉದ್ರಿಯನ್ನು ಇಪ್ಪತ್ತು ವರ್ಷ ತಪ್ಪದೆ ತೀರಿಸಿದ್ದು ಅದಕ್ಕೆ ಗೊತ್ತಿಲ್ಲ. ಅತ್ತೆಯ ಔಷಧಕ್ಕೆಂದು ಒಂದು ಹಪ್ತೆ ತಪ್ಪಿದರೆ ಹಪ್ತೆ ತಪ್ಪಿದ್ದು ಮಾತ್ರ ಅಲ್ಲಿ ಬರುತ್ತದೆ, ಅತ್ತೆ ಬದುಕಿದ್ದು ಬರುವುದಿಲ್ಲ. ಮಳೆ ಬಾರದೆ ಕೆಲಸ ನಿಂತಿತೋ, ತೋಟದ ಮಾಲೀಕ ಎರಡು ತಿಂಗಳು ಪಗಾರ ತಡೆದನೋ, ಅದು ಯಾವುದನ್ನೂ ಕೇಳುವುದಿಲ್ಲ. ಎಷ್ಟು ದಿನ ತಡ ಎಂಬುದನ್ನು ಎಣಿಸುತ್ತದೆ, ಏಕೆ ತಡ ಎಂಬುದು ಅದರ ಕೆಲಸವಲ್ಲ.

ಹೀಗಾಗಿ ಈ ಅಂಕ ಸಾಲ ಕೊಡುವವನ ಉಪಕರಣ. "ಇವರಿಗೆ ಕೊಟ್ಟ ಹಣ ತಿರುಗಿ ಬಂದೀತೇ" ಎಂದು ಅವನು ಅಂದಾಜು ಮಾಡುವ ಸಾಧನ. ಕಾಫಿ ಹಣ್ಣನ್ನು ತೂಗುವ ತಕ್ಕಡಿ ಚೀಲವನ್ನು ತೂಗುತ್ತದೆ, ಕೊಯ್ದ ಹೆಂಗಸನ್ನು ತೂಗುವುದಿಲ್ಲ. ನಾವು ತಕ್ಕಡಿ ಸರಿಯಾಗಿದೆಯೇ ಎಂದು ನೋಡುತ್ತೇವೆ, ಚೀಟಿ ಬರೆಸಿಕೊಳ್ಳುತ್ತೇವೆ, ಮನೆಗೆ ಹೋಗಿ ಮಲಗುತ್ತೇವೆ. ತಕ್ಕಡಿಯ ಕಡೆ ನೋಡುತ್ತಾ ರಾತ್ರಿಯೆಲ್ಲ ಕೂಡುವುದಿಲ್ಲ.

ಈ ಹೆದರಿಕೆ ಹಳೆಯದು

ಬಡವನ ಹೆಸರು ಬೇರೆಯವರ ಪುಸ್ತಕದಲ್ಲಿ ಬರೆದಿರುವುದು ಮೊಬೈಲು ಬಂದ ಮೇಲೆ ಶುರುವಾದ ಸಂಗತಿಯಲ್ಲ. ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಅದು ಸಾವಕಾರನ ಖಾತೆಪುಸ್ತಕ. ಅವನು ಬರೆದದ್ದೇ ಲೆಕ್ಕ, ಅವನು ಹೇಳಿದ್ದೇ ಬಡ್ಡಿ. ಹೆಬ್ಬೆಟ್ಟು ಒತ್ತಿದವನಿಗೆ ಆ ಹಾಳೆಯಲ್ಲಿ ಏನಿದೆಯೆಂದು ಓದಲು ಬರುತ್ತಿರಲಿಲ್ಲ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮನೆ ಅಂಗಡಿಗಳಿಗೆ ನುಗ್ಗಿ ಖಾತೆಪುಸ್ತಕಗಳನ್ನೂ ಸಾಲಪತ್ರಗಳನ್ನೂ ಹೊರಗೆ ತಂದು ಸುಟ್ಟರು. ಈ ಬೆಂಕಿ ಪುಣೆ, ಅಹಮದನಗರ ಜಿಲ್ಲೆಗಳ ಅನೇಕ ಹಳ್ಳಿಗಳಿಗೆ ಹಬ್ಬಿತು. ಜನರಿಗೆ ಬೇಕಾದದ್ದು ಸಾವಕಾರನ ಜೀವವಾಗಿರಲಿಲ್ಲ. ಹೆಚ್ಚಿನ ಕಡೆ ಅವರು ಕೇಳಿದ್ದು ಕಾಗದಗಳನ್ನು. ಸರಕಾರ ವಿಚಾರಣೆ ನಡೆಸಿತು, 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯಿದೆ ಬಂತು. ಅದು ಮೊದಲು ಜಾರಿಗೆ ಬಂದದ್ದು ನಾಲ್ಕು ಜಿಲ್ಲೆಗಳಲ್ಲಿ: ಪುಣೆ, ಸಾತಾರಾ, ಅಹಮದನಗರ ಮತ್ತು ನಮ್ಮ ಸೊಲ್ಲಾಪುರ.

ಆ ಕಾಯಿದೆ ಏನು ಹೇಳಿತು? ಹಣದ ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕಕೂಡದು. ಸಾಲದ ಹಿಂದಿನ ಚರಿತ್ರೆಯನ್ನು ನ್ಯಾಯಾಲಯ ಮೊದಲಿನಿಂದ ತೆಗೆದು ನೋಡಬಹುದು. ಹಣ ಕೊಟ್ಟವನಿಗೆ ಸಾವಕಾರ ರಸೀದಿ ಕೊಡಬೇಕು, ಕೇಳಿದರೆ ಲೆಕ್ಕ ತೋರಿಸಬೇಕು. ಆ ಕಾಯಿದೆಯಿಂದ ಬಡತನ ಹೋಗಲಿಲ್ಲ. ಆದರೂ ನನ್ನ ಲೆಕ್ಕವನ್ನು ನನಗೆ ತೋರಿಸು ಎಂದು ಕೇಳುವ ಹಕ್ಕು ಈ ಜಿಲ್ಲೆಯ ಬಡವನಿಗೆ ಅಂದು ಬರವಣಿಗೆಯಲ್ಲಿ ಸಿಕ್ಕಿತು.

ತೋಟದ ಕಡೆಯ ಕಥೆಯೂ ಇಂಥದ್ದೇ. 1859ರ ಒಂದು ಕಾಯಿದೆಯ ಪ್ರಕಾರ ಮುಂಗಡ ಹಣ ತೆಗೆದುಕೊಂಡ ಕೂಲಿಯಾಳು ಕೆಲಸ ಬಿಟ್ಟು ಹೋದರೆ ಅವನನ್ನು ಹಿಡಿದು ತರಿಸಿ ಮೂರು ತಿಂಗಳವರೆಗೆ ಸೆರೆಗೆ ಹಾಕಬಹುದಾಗಿತ್ತು. ಮುಂಗಡ ಕೊಟ್ಟ ಮೇಸ್ತ್ರಿಯ ಕೈಯಲ್ಲಿ ಅದೊಂದು ಹಗ್ಗವಾಗಿತ್ತು. 1925ರಲ್ಲಿ ಅದನ್ನು ರದ್ದು ಮಾಡುವ ಶಾಸನವಾಯಿತು. 1976ರ ಕಾಯಿದೆ ಜೀತಪದ್ಧತಿಯನ್ನೇ ತೆಗೆದುಹಾಕಿತು. ಹೀಗಿದ್ದೂ ಕಬ್ಬಿನ ಹಂಗಾಮಿಗೆ ಹೋಗುವವರು ಮುಕಾದಮನಿಂದ ಉಚಲ ತೆಗೆದುಕೊಂಡು, ಅದು ತೀರುವವರೆಗೆ ಕೋಯ್ತಾ ಕೆಳಗಿಡದೆ ದುಡಿಯುವುದನ್ನು ಇಂದೂ ಕಾಣುತ್ತೇವೆ.

ಇದರಿಂದ ತಿಳಿದುಬರುವುದೇನು? ಸಾಲಕ್ಕಿಂತ ಹೆಚ್ಚಾಗಿ ಸಾಲದ ಪುಸ್ತಕದ ಹೆದರಿಕೆ ಮನುಷ್ಯನನ್ನು ಕಟ್ಟಿಹಾಕುತ್ತದೆ. ಪುಸ್ತಕವನ್ನು ತೆರೆದು ಓದುವವನಿಗೆ ಹೆದರಿಕೆ ಕಡಿಮೆಯಾಗುತ್ತದೆ. ಇಂದು ಪುಸ್ತಕ ಸುಡುವ ಅಗತ್ಯವಿಲ್ಲ, ಅದನ್ನು ತರಿಸಿ ಓದುವ ಹಕ್ಕು ನಮಗಿದೆ.

ಚಿಂತೆಗೆ ಕಾರಣವೇ ಇಲ್ಲವೇ?

ಕಾರಣವೇ ಇಲ್ಲವೆಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಅಂಕ ಕಡಿಮೆ ಇದ್ದರೆ ಮನೆಸಾಲ, ಗಾಡಿಸಾಲ ಸಿಗುವುದು ಕಷ್ಟವಾಗುತ್ತದೆ, ಸಿಕ್ಕರೂ ಬಡ್ಡಿ ಹೆಚ್ಚಾಗಬಹುದು. ಬ್ಯಾಂಕಿನ ನೌಕರಿಗೆ ಆಯ್ಕೆಯಾದ ಒಬ್ಬ ಅಭ್ಯರ್ಥಿಯ ನೇಮಕವನ್ನು ಸಾಲದ ಚರಿತ್ರೆ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕು ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ನಮ್ಮದೇ ರಾಜ್ಯದ ಅಕೋಲಾ ಜಿಲ್ಲೆಯ ಮುರ್ತಿಜಾಪುರದಲ್ಲಿ ವರನ ಸಿಬಿಲ್ ನೋಡಿ ಮದುವೆಯ ಮಾತು ಮುರಿದ ಸುದ್ದಿ ಅದೇ ವರ್ಷ ಪತ್ರಿಕೆಗಳಲ್ಲಿ ಬಂತು. ಇವೆಲ್ಲ ನಿಜ.

ಆದರೆ ಇನ್ನೊಂದು ಕಡೆಯ ನಿಜವನ್ನೂ ನೋಡಬೇಕು. ವಿದ್ಯಾರ್ಥಿಯ ಅಂಕ ಕಡಿಮೆ ಇದೆಯೆಂಬ ಕಾರಣಕ್ಕೆ ಶಿಕ್ಷಣಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಬೆಳೆಸಾಲಕ್ಕೆ ಸಿಬಿಲ್ ಕೇಳಬಾರದು, ಕೇಳುವ ಬ್ಯಾಂಕಿನ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಬ್ಯಾಂಕುಗಳ ಸಭೆಯಲ್ಲಿ ಎಚ್ಚರಿಸಿದರು. ಸಾಲಕ್ಕೆ ಇಷ್ಟೇ ಅಂಕ ಬೇಕೆಂದು ರಿಸರ್ವ್ ಬ್ಯಾಂಕು ನಿಗದಿ ಮಾಡಿಲ್ಲ, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು 2025ರ ಆಗಸ್ಟಿನಲ್ಲಿ ಹಣಕಾಸು ಇಲಾಖೆ ಪಾರ್ಲಿಮೆಂಟಿನಲ್ಲಿ ತಿಳಿಸಿತು. ಮಂತ್ರಿಗಳು ಹೇಳುವುದೇ ಒಂದು, ಶಾಖೆಯ ಮೇಜಿನ ಹತ್ತಿರ ನಡೆಯುವುದೇ ಒಂದು ಎಂದು ನೀವು ಅನ್ನಬಹುದು. ಅದಕ್ಕಾಗಿಯೇ ಸಾಲ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿರಿ. ಬಾಯಿಮಾತಿನಲ್ಲಿ "ಸಿಬಿಲ್ ಇಲ್ಲ ಹೋಗ್ರಿ" ಎನ್ನುವವರು ಅದನ್ನು ಬರೆದುಕೊಡುವಾಗ ಎರಡು ಸಲ ಯೋಚಿಸುತ್ತಾರೆ.

ಇನ್ನು ಆ ಅಂಕ ಮುಟ್ಟಲಾರದ ಸಂಗತಿಗಳನ್ನು ಎಣಿಸಿರಿ. ದುಡಿದ ಪಗಾರಕ್ಕೂ ಅಂಕಕ್ಕೂ ಸಂಬಂಧವಿಲ್ಲ. ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ, ರೇಷನ್, ವಿಧವಾ ಪಿಂಚಣಿ, ಮಕ್ಕಳ ಶಾಲೆ, ಆಸ್ಪತ್ರೆ, ಇವು ಯಾವುದಕ್ಕೂ ಸಂಬಂಧವಿಲ್ಲ. ಅಂಕ ಕಡಿಮೆಯಾದದ್ದಕ್ಕೆ ಪೊಲೀಸರು ಬರುವುದಿಲ್ಲ. ಕೈಯಲ್ಲಿ ಹಣವಿಲ್ಲದೆ ಹಪ್ತೆ ತಪ್ಪುವುದು ಅಪರಾಧವಲ್ಲ. ಮೋಸ ಮಾಡಿ ಸಾಲ ಎತ್ತುವುದು, ಕೊಟ್ಟ ಚೆಕ್ಕು ಬೌನ್ಸ್ ಆಗುವುದು ಬೇರೆ ಮಾತು. ಗಂಡನ ಸಾಲ ಹೆಂಡತಿಯ ಅಂಕವನ್ನು ಕೆಡಿಸುವುದಿಲ್ಲ, ಅವಳು ಸಹಸಾಲಗಾರಳಾಗಿಯೋ ಜಾಮೀನುದಾರಳಾಗಿಯೋ ಸಹಿ ಮಾಡಿರದಿದ್ದರೆ. ತಂದೆ ತೀರಿಕೊಂಡರೆ ಅವನ ಅಂಕ ಮಗಳ ಹಣೆಗೆ ಅಂಟುವುದಿಲ್ಲ.

ಹೆದರಿಕೆ ನಮ್ಮಿಂದ ಏನು ಮಾಡಿಸುತ್ತದೆ?

ಚಿಂತೆ ಸುಮ್ಮನೆ ಮನಸ್ಸಿನಲ್ಲಿ ಇದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಅದು ನಮ್ಮ ಕೈಯಿಂದ ಕೆಲಸ ಮಾಡಿಸುತ್ತದೆ, ಅದೂ ಕೆಟ್ಟ ಕೆಲಸವನ್ನು.

ಮೊದಲನೆಯದು, ಸಾಲ ತೀರಿಸಲು ಸಾಲ. ಗುಂಪಿನ ಹಪ್ತೆ ತಪ್ಪಿದರೆ ಸಿಬಿಲ್ ಹೋಗುತ್ತದೆಂದು ಊರ ಬಡ್ಡಿಯವನ ಹತ್ತಿರ ಹೋಗುತ್ತಾರೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ಕೇಳಲು ಸಣ್ಣದು. ಹತ್ತು ಸಾವಿರಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ ಬಡ್ಡಿಯೇ ಆಯಿತು. ಹತ್ತು ಸಾವಿರ ಅಸಲು ಹಾಗೆಯೇ ನಿಂತಿರುತ್ತದೆ. ಒಂದು ಅಂಕಿಯನ್ನು ಕಾಪಾಡಲು ನಾವು ಮನೆಯ ಹಿಟ್ಟಿನ ಡಬ್ಬಿಯನ್ನೇ ಖಾಲಿ ಮಾಡುತ್ತೇವೆ.

ಎರಡನೆಯದು, ಮುಚ್ಚಿಡುವುದು. ಹೆಂಡತಿಯ ಗುಂಪುಸಾಲ ಗಂಡನಿಗೆ ಗೊತ್ತಿಲ್ಲ, ಗಂಡ ಮೊಬೈಲಿನಲ್ಲಿ ತೆಗೆದ ಸಾಲ ಹೆಂಡತಿಗೆ ಗೊತ್ತಿಲ್ಲ. ಇಬ್ಬರೂ ನಾಚಿಕೆಯಿಂದ ಸುಮ್ಮನಿರುತ್ತಾರೆ. ಸಾಲ ಎರಡು ಕಡೆಯಿಂದ ಬೆಳೆಯುತ್ತದೆ. ಗುಂಪುಸಾಲದ ಕಿರುಕುಳ ತಾಳದೆ ಜೀವ ಕಳೆದುಕೊಂಡವರ ಸುದ್ದಿಗಳು ಕರ್ನಾಟಕದಲ್ಲಿ ಬಂದು, 2025ರ ಫೆಬ್ರುವರಿಯಲ್ಲಿ ಅಲ್ಲಿಯ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲ ಎಷ್ಟೇ ಇರಲಿ, ಅದಕ್ಕೆ ಜೀವ ಬೆಲೆಯಲ್ಲ. ಮನಸ್ಸು ಆ ದಾರಿಗೆ ಹೋದರೆ ಆ ರಾತ್ರಿಯೇ ಪಕ್ಕದ ಮನೆಯ ಕದ ತಟ್ಟಿರಿ, ಇಲ್ಲವೆ ನಮ್ಮನ್ನು ಕರೆಯಿರಿ.

ಮೂರನೆಯದು, ಏಜೆಂಟರು. "ಇಷ್ಟು ಸಾವಿರ ಕೊಡ್ರಿ, ಒಂದು ತಿಂಗಳಲ್ಲಿ ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ" ಎನ್ನುವವರು ಹುಟ್ಟಿಕೊಂಡಿದ್ದಾರೆ. ನಿಜವಾಗಿ ನಡೆದ ಲೆಕ್ಕವನ್ನು ಯಾವ ಏಜೆಂಟನೂ ಅಳಿಸಲಾರ. ತಪ್ಪು ಲೆಕ್ಕವನ್ನು ನಾವೇ ದುಡ್ಡಿಲ್ಲದೆ ತಿದ್ದಿಸಬಹುದು. ಹಾಗಾದರೆ ಅವನಿಗೆ ಕೊಡುವ ಹಣ ಯಾತಕ್ಕೆ? ಅದರ ಮೇಲೆ ನಮ್ಮ ಆಧಾರ್, ಪ್ಯಾನ್, ಮೊಬೈಲಿಗೆ ಬರುವ ಓಟಿಪಿ ಅವನ ಕೈಗೆ ಹೋಗುತ್ತವೆ. ಅದರಿಂದ ನಮ್ಮ ಹೆಸರಿನಲ್ಲಿ ಇನ್ನೊಂದು ಸಾಲ ಏಳಬಹುದು.

ಮಾಡಬೇಕಾದ ಕೆಲಸಗಳು

ಚಿಂತೆ ಬಿಡಿರಿ ಎಂದು ಬರೀ ಬಾಯಿಂದ ಹೇಳಿದರೆ ಅದು ಹೋಗುವುದಿಲ್ಲ. ಮಾಡಬೇಕಾದಷ್ಟನ್ನು ಮಾಡಿ ಮುಗಿಸಿದವನು ಮಾತ್ರ ಚಿಂತೆ ಬಿಡಬಲ್ಲ. ಆ ಕೆಲಸಗಳು ಹೆಚ್ಚೇನಿಲ್ಲ.

ಒಂದು. ವರ್ಷಕ್ಕೊಮ್ಮೆ ವರದಿ ತರಿಸಿರಿ. ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿ ಆದೇಶ ಮಾಡಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ಒಂದೇ ಸಮಯಕ್ಕೆ ಹತ್ತು ಕಡೆ ಸಾಲದ ಅರ್ಜಿ ಹಾಕಿದರೆ ಕಡಿಮೆಯಾಗಬಹುದು. ಓದಿದ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಅವರಿಂದ ತೆಗೆಸಿರಿ. ಇಲ್ಲದಿದ್ದರೆ ಸಂಘದ ಕಚೇರಿಗೆ ಬನ್ನಿರಿ. ವರ್ಷಕ್ಕೊಮ್ಮೆ ಸಾಕು, ದಿನಕ್ಕೊಮ್ಮೆ ಬೇಡ.

ಎರಡು. ಅಂಕವನ್ನು ಬಿಟ್ಟು ಒಳಗಿನ ಸಾಲುಗಳನ್ನು ಓದಿರಿ. ಗೊತ್ತಿಲ್ಲದ ಸಾಲ ಇದೆಯೇ? ತೀರಿಸಿದ ಸಾಲ ಇನ್ನೂ ಬಾಕಿ ಎಂದಿದೆಯೇ? ನಮ್ಮದೇ ಹೆಸರಿನ ಬೇರೆ ಊರಿನವರ ಲೆಕ್ಕ ಸೇರಿದೆಯೇ? ಜಾಮೀನು ನಿಂತ ಸಾಲ ಯಾವುದು? ತಪ್ಪು ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಿರಿ. ಮೂವತ್ತು ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆಗಲೂ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಖರ್ಚಿಲ್ಲದೆ ಬರೆಯಬಹುದು. ವಕೀಲರು ಬೇಕಾಗಿಲ್ಲ.

ಮೂರು. ರಸೀದಿಗಳನ್ನು ಕಾಯ್ದಿಡಿರಿ. ಸಾಲ ಪೂರ್ತಿ ತೀರಿದಾಗ ಬಾಕಿ ಇಲ್ಲವೆಂಬ ಪತ್ರ ಕೇಳಿ ತೆಗೆದುಕೊಳ್ಳಿರಿ. ಅರ್ಧಕ್ಕೆ ಮಾತು ಮುಗಿಸೋಣ ಎಂದು ವಸೂಲಿಯವರು ಹೇಳಿದರೆ ಒಂದು ಸಂಗತಿ ತಿಳಿದಿರಲಿ: ವರದಿಯಲ್ಲಿ ಅದು "ಪೂರ್ತಿ ತೀರಿತು" ಎಂದು ಬರುವುದಿಲ್ಲ, "ಕಡಿಮೆಗೆ ಇತ್ಯರ್ಥವಾಯಿತು" ಎಂಬ ಅರ್ಥದಲ್ಲಿ ಬರುತ್ತದೆ. ಬೇರೆ ದಾರಿಯೇ ಇಲ್ಲದವರು ಅದನ್ನೂ ಮಾಡಬಹುದು, ಅದರಲ್ಲಿ ಅವಮಾನವೇನಿಲ್ಲ. ತಿಳಿದು ಮಾಡಿರಿ, ಅಷ್ಟೆ.

ನಾಲ್ಕು. ಹಪ್ತೆ ಕಟ್ಟಲಾಗದ ತಿಂಗಳು ಬಂದರೆ ಓಡಿಹೋಗಬೇಡಿರಿ. ಮೊದಲೇ ಹೋಗಿ ಕಾರಣ ಬರೆದುಕೊಟ್ಟು ಕಾಲಾವಕಾಶ ಕೇಳಿರಿ, ಅರ್ಜಿಯ ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿರಿ. ಊಟ, ಔಷಧ, ಮಕ್ಕಳ ಶಾಲೆ ಮೊದಲು, ಹಪ್ತೆ ಆಮೇಲೆ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳು ಗುಂಪುಸಾಲದವರಿಗೂ ಅನ್ವಯವಾಗುತ್ತವೆ: ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ ಕುಟುಂಬದ ಎಲ್ಲಾ ಸಾಲಗಳ ಹಪ್ತೆ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು, ವಸೂಲಿಯವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ಫೋನು ಮಾಡಕೂಡದು, ಬೆದರಿಕೆ, ಬೈಗುಳ ಕೂಡದು, ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲಿ ನಡೆಯಬೇಕು. "ನಿನ್ನ ಸಿಬಿಲ್ ಕೆಡಿಸುತ್ತೇನೆ" ಎಂದು ಮನೆಬಾಗಿಲಲ್ಲಿ ಕೂಗುವವನ ಹೆಸರು, ವೇಳೆ, ತಾರೀಖು ಬರೆದಿಡಿರಿ. ಹಾಗೆ ತನ್ನ ಇಷ್ಟದಂತೆ ಕೆಡಿಸುವ ಅಧಿಕಾರ ಅವನಿಗಿಲ್ಲ.

ಐದು. ಅಂಕ ಹೆಚ್ಚಿಸಲಿಕ್ಕೆಂದು ಬೇಡದ ಸಾಲ ಮಾಡಬೇಡಿರಿ. ಸಾಲವನ್ನೇ ಮಾಡದವನಿಗೆ ಅಂಕ ಇರುವುದಿಲ್ಲ. ಅದು ಸೊನ್ನೆ ಅಂಕವಲ್ಲ, ಲೆಕ್ಕವೇ ಇಲ್ಲವೆಂದು ಅರ್ಥ. ನಮ್ಮ ಹಿರಿಯರು ಇದನ್ನು ಭಾಗ್ಯ ಎನ್ನುತ್ತಿದ್ದರು.

ಇಷ್ಟು ಮಾಡಿದ ಮೇಲೆ ಉಳಿದದ್ದು ಕಾಲದ ಕೆಲಸ. ಸರಿಯಾಗಿ ಕಟ್ಟಿದ ಹಪ್ತೆಗಳು ಒಂದೊಂದಾಗಿ ಸೇರಿ ಅಂಕ ನಿಧಾನವಾಗಿ ಏರುತ್ತದೆ. ಬಿತ್ತಿದ ಜೋಳವನ್ನು ದಿನಾ ಕೆದರಿ ನೋಡಿದರೆ ಬೇಗ ಮೊಳೆಯುವುದಿಲ್ಲ.

ನಮ್ಮ ನಿಜವಾದ ಪತ್ತು

ಕೊನೆಯದಾಗಿ ಒಂದು ಮಾತು. ಒಬ್ಬ ಮನುಷ್ಯನ ಯೋಗ್ಯತೆಯನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ವಳಸಂಗಕ್ಕೆ ಹೊಸದಲ್ಲ. ನೀರು ಮುಟ್ಟುವ ಯೋಗ್ಯತೆಯೂ ಕೆಲವರಿಗೆ ಇಲ್ಲವೆಂದು ಸಮಾಜ ಬರೆದಿಟ್ಟಿದ್ದ ಕಾಲದಲ್ಲಿ ಈ ಊರಿನ ದಲಿತರು ತಮ್ಮದೇ ಬಾವಿ ತೋಡಿದರು. 1937ರಲ್ಲಿ ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು ಇಲ್ಲಿಗೆ ಬಂದು ಆ ಬಾವಿಯ ನೀರು ಸೇದಿದರು. ಬೇರೆಯವರು ಬರೆದ ಬೆಲೆಯನ್ನೇ ನಂಬಿ ಆ ಜನ ಕೂತಿದ್ದರೆ ಬಾವಿ ಏಳುತ್ತಿತ್ತೇ? ಇಲ್ಲಿಂದ ಸ್ವಲ್ಪ ದೂರದ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರು, ನೇಕಾರರು, ಚಿಂದಿ ಆಯುವವರು, ಡ್ರೈವರರು ವರ್ಷಗಟ್ಟಲೆ ಹೋರಾಡಿ ರೇ ನಗರದ ಮನೆಗಳನ್ನು ಪಡೆದರು. 2024ರ ಜನವರಿ 19ರಂದು 15,000 ಮನೆಗಳ ಬೀಗದಕೈ ಹಸ್ತಾಂತರವಾಯಿತು. ಅದೂ ಒಬ್ಬೊಬ್ಬರ ಅಂಕ ನೋಡಿ ಬಂದದ್ದಲ್ಲ, ಒಟ್ಟಾಗಿ ನಿಂತದ್ದರಿಂದ ಬಂದದ್ದು.

ಪತ್ತು ಎಂಬುದು ಮೊದಲು ಒಟ್ಟಾಗಿ ನಿಲ್ಲುವವರ ಮಾತೇ ಆಗಿತ್ತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅಂಕ ಹೇಳುವ ಯಂತ್ರ ಇರಲಿಲ್ಲ. ಒಂದೇ ಊರಿನವರು ಒಬ್ಬರ ನಡತೆಯನ್ನು ಒಬ್ಬರು ತಿಳಿದಿದ್ದರು, ಒಬ್ಬರಿಗೊಬ್ಬರು ಹೊಣೆಯಾಗುತ್ತಿದ್ದರು. ನಾವೂ ಸಣ್ಣದಾಗಿ ಅದನ್ನೇ ಮಾಡಬಹುದು. ಹತ್ತು ಮನೆಗಳು ಸೇರಿ ವಾರಕ್ಕೆ ಇಪ್ಪತ್ತು ರೂಪಾಯಿ ಕೂಡಿಟ್ಟರೆ ವರ್ಷಕ್ಕೆ 10,400 ರೂಪಾಯಿ ಆಗುತ್ತದೆ. ಆಸ್ಪತ್ರೆಗೆ ಓಡುವ ರಾತ್ರಿ, ಶಾಲೆಯ ಫೀ ಕಟ್ಟುವ ದಿನ ಬಡ್ಡಿಯವನ ಬಾಗಿಲಿಗೆ ಹೋಗುವುದನ್ನು ಅದು ತಪ್ಪಿಸುತ್ತದೆ. ತೋಟದ ಲೈನಿನಲ್ಲಿಯೂ ಇದು ಆಗುವ ಕೆಲಸವೇ. ಲೆಕ್ಕ ಬರೆಯಲು ಒಬ್ಬರು, ಲೆಕ್ಕ ನೋಡಲು ಇನ್ನೊಬ್ಬರು ಇರಲಿ. ಪುಸ್ತಕ ಎಲ್ಲರ ಕಣ್ಣೆದುರು ತೆರೆದಿರಲಿ.

ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡವನು ಹೊತ್ತು ಮುಳುಗುವ ಮೊದಲು ಅದನ್ನು ತಿರುಗಿ ಕೊಡಬೇಕೆಂಬ ಕಟ್ಟಳೆ ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಸಾಲ ಸಾಲವೇ ಆಗಿರಲಿ, ಆದರೆ ರಾತ್ರಿಯ ಚಳಿಗೆ ಅವನಿಗೆ ಹೊದಿಕೆ ಬೇಕು ಎಂಬುದು ಅದರ ಅಭಿಪ್ರಾಯ. ನಮ್ಮ ನಿದ್ದೆಯೂ ಹಾಗೆಯೇ. ಸಾಲಕ್ಕೆ ದುಡಿಮೆಯ ಒಂದು ಪಾಲನ್ನು ಕೊಡೋಣ, ನಿದ್ದೆಯನ್ನು ಒತ್ತೆ ಇಡುವುದು ಬೇಡ.

ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ಸಂಘದ ಹುಡುಗರು ಇಲ್ಲಿಯೇ ಕೂತಿರುತ್ತಾರೆ. ಆಧಾರ್, ಪ್ಯಾನ್, ಮೊಬೈಲು, ಹಳೆಯ ರಸೀದಿಗಳನ್ನು ತಂದರೆ ವರದಿ ತೆಗೆದು ಓದಿ ಹೇಳುತ್ತಾರೆ. ಓಟಿಪಿಯನ್ನು ನಿಮ್ಮ ಕೈಯಿಂದಲೇ ಒತ್ತಿರಿ, ಅವರಿಗೂ ಹೇಳಬೇಡಿರಿ. ಗಂಡ ಹೆಂಡಿರು ಕೂಡಿ ಬಂದರೆ ಇನ್ನೂ ಒಳ್ಳೆಯದು. ಇದಕ್ಕೆ ಹಣ ಕೊಡಬೇಕಾಗಿಲ್ಲ.